ರೀಜನರೇಟರ್ ಟಕ್ ಅಂದರೆ ಕೆಟ್ಟಿದೆ ಅಂತ ಅರ್ಥವಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ತೋಟದ ಮನೆ. ಆಂಪ್ಲಿಫೈಯರ್ ಮತ್ತು ಟರ್ನ್‌ಟೇಬಲ್‌ಗೆ ಪವರ್ ರೀಜನರೇಟರ್ ಹಾಕಿದ್ದೇನೆ. ಆನ್ ಮಾಡಿದಾಗ ಎರಡು ಮೂರು ಸಲ ಟಕ್ ಅನ್ನುವುದು ಮೊದಲಿಂದಲೂ ಇತ್ತು. ಈಗ ಸಂಜೆ ಹೊತ್ತು ಹಾಡು ಕೇಳುತ್ತಿರುವಾಗಲೂ ಟಕ್ ಅನ್ನುತ್ತದೆ, ಕೆಲವು ಸಲ ಹಾಡೇ ನಿಂತು ಮತ್ತೆ ಬರುತ್ತದೆ. ಕರೆಂಟ್ ಹೋಗಿ ಇನ್ವರ್ಟರ್‌ಗೆ ಬಂದರೆ ಅಂತೂ ಆನ್ ಆಗುವುದೇ ಇಲ್ಲ. ಒಳಗಿನ ರಿಲೇ ತೆಗೆದು ನೇರ ವೈರ್ ಹಾಕಿದರೆ ಸರಿಹೋಗುತ್ತದೆ ಎಂದು ಪರಿಚಯದವರು ಹೇಳುತ್ತಾರೆ. ಮಾಡಿಸಬಹುದಾ?

ಉತ್ತರ: ಖಂಡಿತ ಮಾಡಿಸಬೇಡಿ. ರಿಲೇ ಅಂದರೆ ಕರೆಂಟಿನಿಂದ ತಾನಾಗಿ ಕೂಡಿ ಬಿಡುವ ಸ್ವಿಚ್. ಅದು ಇರುವುದೇ ನಿಮ್ಮ ಆಂಪ್ಲಿಫೈಯರ್ ಉಳಿಸಲು. ನೀವು ಬರೆದದ್ದನ್ನು ನೋಡಿದರೆ ರೀಜನರೇಟರ್‌ಗಿಂತ ಅದಕ್ಕೆ ಬರುವ ಕರೆಂಟಿನ ಮೇಲೇ ನನಗೆ ಅನುಮಾನ ಜಾಸ್ತಿ.

ರೀಜನರೇಟರ್ ಗೋಡೆಯಿಂದ ಬಂದ ಎಸಿಯನ್ನು ಡಿಸಿ ಮಾಡಿ, ದೊಡ್ಡ ಕೆಪಾಸಿಟರ್‌ಗಳಲ್ಲಿ ತುಂಬಿಕೊಂಡು, ಅದರಿಂದ ಹೊಸದಾಗಿ 230 ವೋಲ್ಟ್, 50 ಹರ್ಟ್ಜ್‌ನ ಶುದ್ಧ ಅಲೆ ತಯಾರಿಸುತ್ತದೆ. ಖಾಲಿ ಕೆಪಾಸಿಟರ್‌ಗೆ ಒಮ್ಮೆಲೇ ಕರೆಂಟ್ ಕೊಟ್ಟರೆ ಫ್ಯೂಸ್ ಹಾರುವಷ್ಟು ಎಳೆಯುತ್ತದೆ. ಅದಕ್ಕೇ ಮೊದಲು ಒಂದು ರೆಸಿಸ್ಟರ್ ಮೂಲಕ ನಿಧಾನ ತುಂಬಿಸುತ್ತಾರೆ. ತುಂಬಿದ ಮೇಲೆ ಒಂದು ರಿಲೇ ಆ ರೆಸಿಸ್ಟರನ್ನು ದಾಟಿಸಿ ನೇರ ದಾರಿ ಕೊಡುತ್ತದೆ. ಸಾಮಾನ್ಯವಾಗಿ ಮೊದಲ ಟಕ್ ಅದು. ಹೊಸ ಅಲೆ ಸರಿಯಾಗಿ ನಿಂತ ಮೇಲೆ ಔಟ್‌ಪುಟ್ ರಿಲೇ ಕೂಡಿಕೊಳ್ಳುತ್ತದೆ, ಅದು ಎರಡನೆಯದು. ಸಾಕೆಟ್‌ಗಳನ್ನು ಗುಂಪು ಮಾಡಿ ಒಂದಾದ ಮೇಲೊಂದು ಆನ್ ಮಾಡುವ ಮಾಡೆಲ್ ಆದರೆ ಇನ್ನೂ ಒಂದೆರಡು. ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಆಂಪ್ಲಿಫೈಯರ್ ಒಳಗೂ ಸ್ಪೀಕರ್ ಕಾಯುವ ರಿಲೇ ಇರಬಹುದು, ಆನ್ ಆದ ಕೆಲವು ಸೆಕೆಂಡಿಗೆ ಅದೂ ಟಕ್ ಅನ್ನುತ್ತದೆ. ಹಾಗಾಗಿ ಸದ್ದು ಯಾವ ಪೆಟ್ಟಿಗೆಯದು ಎಂದು ಹತ್ತಿರ ಕಿವಿ ಇಟ್ಟು ಖಚಿತ ಮಾಡಿಕೊಳ್ಳಿ.

ಇನ್ನು ಸಂಜೆಯ ಟಕ್. ಒಳಗೆ ಬರುವ ವೋಲ್ಟೇಜ್ ತನ್ನ ಮಿತಿಗಿಂತ ಇಳಿದರೆ ಅಥವಾ ಏರಿದರೆ ರೀಜನರೇಟರ್ ಔಟ್‌ಪುಟ್ ರಿಲೇ ಬಿಡಿಸುತ್ತದೆ, ಸರಿಯಾದ ಮೇಲೆ ಮತ್ತೆ ಕೂಡಿಸುತ್ತದೆ. ನಿಮ್ಮ ಹಾಡು ನಿಂತು ಬರುವುದು ಹೀಗೇ ಇರಬೇಕು. ತೋಟದ ಮನೆಗಳಿಗೆ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್‌ನಿಂದ) ವೈರ್ ಬಹಳ ದೂರ ಬಂದಿರುತ್ತದೆ. ಹೋಗಿ ಬರುವ ವೈರಿನ ಒಟ್ಟು ರೆಸಿಸ್ಟೆನ್ಸ್ 1 ಓಮ್ ಇದೆ ಅಂದುಕೊಳ್ಳಿ. ಮನೆಯಲ್ಲಿ 10 ಆಂಪಿಯರ್ ಓಡುವಾಗ ದಾರಿಯಲ್ಲೇ 10 ವೋಲ್ಟ್ ಕಳೆದುಹೋಗುತ್ತದೆ. ಅದೇ ಲೈನಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟಾರೋ ಸ್ಪ್ರಿಂಕ್ಲರ್ ಪಂಪೋ ಶುರುವಾದರೆ, ಮೋಟಾರ್ ಆ ಕ್ಷಣ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. 30 ಆಂಪಿಯರ್ ಎಳೆದರೆ 30 ವೋಲ್ಟ್ ಹೋಯಿತು. 230 ಇದ್ದದ್ದು 200ಕ್ಕೆ ಬಿತ್ತು. ಮೊದಲೇ 210 ಇದ್ದ ಸಂಜೆಯಾದರೆ 180.

ಒಂದು ಮಲ್ಟಿಮೀಟರ್ ತನ್ನಿ. ರೀಜನರೇಟರ್ ಹಾಕಿದ ಬೋರ್ಡಿನಲ್ಲೇ ಇನ್ನೊಂದು ಸಾಕೆಟ್‌ನಲ್ಲಿ ಎಸಿ ವೋಲ್ಟೇಜ್ ನೋಡಿ. ಹಲವು ರೀಜನರೇಟರ್‌ಗಳ ಡಿಸ್‌ಪ್ಲೇಯಲ್ಲೇ ಇನ್‌ಪುಟ್ ವೋಲ್ಟೇಜ್ ಕಾಣುತ್ತದೆ, ಅದೂ ಆಗುತ್ತದೆ. ಟಕ್ ಅಂದಾಗ ಗಂಟೆ ಎಷ್ಟು, ವೋಲ್ಟೇಜ್ ಎಷ್ಟು, ಮನೆಯಲ್ಲಿ ಏನು ಆನ್ ಆಯಿತು, ಇಷ್ಟು ಬರೆದಿಡಿ. ಫ್ರಿಜ್ ಶುರುವಾದಾಗಲೇ ಆಗುತ್ತದಾ, ಗೀಸರ್ ಹಾಕಿದಾಗಲಾ ಎಂದು ಕೆಲವೇ ದಿನದಲ್ಲಿ ಗೊತ್ತಾಗುತ್ತದೆ. ಈ ಒಂದು ಹಾಳೆ ಇಲ್ಲದೆ ಯಾವ ರಿಪೇರಿಯವರ ಹತ್ತಿರ ಹೋದರೂ ಅವರು ಊಹೆಯಲ್ಲೇ ಕೆಲಸ ಮಾಡಬೇಕಾಗುತ್ತದೆ.

ಹಾಗೇ ಇನ್ನೊಂದನ್ನು ಗಮನಿಸಿ. ಮೂರು ಫೇಸ್ ಇರುವ ಮನೆಯಲ್ಲಿ ಒಂದು ಕೋಣೆಯ ಫ್ಯಾನ್ ನಿಧಾನವಾಗುವಾಗ ಇನ್ನೊಂದು ಕೋಣೆಯ ಫ್ಯಾನ್ ಜೋರಾಗುತ್ತಿದ್ದರೆ ನ್ಯೂಟ್ರಲ್ ಲೂಸ್ ಆಗಿರುವ ಸಾಧ್ಯತೆ ಇದೆ. ಮಳೆಗಾಳಿಗೆ ಕೊಂಬೆ ಬಡಿದು ಕಂಬದ ಹತ್ತಿರ ಜಾಯಿಂಟ್ ಸಡಿಲವಾಗುವುದು ಮಲೆನಾಡಿನಲ್ಲಿ ಹೊಸದಲ್ಲ. ನ್ಯೂಟ್ರಲ್ ಪೂರ್ತಿ ಬಿಟ್ಟರೆ ಒಂದು ಫೇಸಿನಲ್ಲಿ 400 ವೋಲ್ಟ್ ಹತ್ತಿರ ಬಂದುಬಿಡಬಹುದು. ಇದು ಆಡಿಯೊ ಸಮಸ್ಯೆಯೇ ಅಲ್ಲ, ಮನೆಯ ಸುರಕ್ಷತೆ ವಿಷಯ. ಮೇನ್ ಸ್ವಿಚ್ ಆಫ್ ಮಾಡಿ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ನೋಡುವವರೆಗೆ ಆನ್ ಮಾಡಬೇಡಿ.

ಇನ್ವರ್ಟರ್ ವಿಷಯಕ್ಕೆ ಬರೋಣ. ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು, ಅಂದರೆ ಗೋಡೆಯ ಕರೆಂಟಿನ ನಯವಾದ ಸೈನ್ ಅಲೆಯ ಬದಲು ಚೌಕಾಕಾರದ ಅಲೆ ಕೊಡುವಂಥದ್ದು. ಗೋಡೆಯ 230 ವೋಲ್ಟ್ ಸೈನ್ ಅಲೆಯ ತುದಿ ಸುಮಾರು 325 ವೋಲ್ಟ್ ಇರುತ್ತದೆ. ಕೆಪಾಸಿಟರ್ ತುಂಬುವುದು ಆ ತುದಿಯ ಲೆಕ್ಕಕ್ಕೆ. ಸ್ಕ್ವೇರ್ ವೇವ್‌ನಲ್ಲಿ 230 ಅಂದರೆ ತುದಿಯೂ ಹೆಚ್ಚುಕಡಿಮೆ 230 ಮಾತ್ರ. ಮಾಮೂಲಿ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಇರುವ ರೀಜನರೇಟರ್‌ಗೆ ಅದು ತೀರಾ ಕಡಿಮೆ ವೋಲ್ಟೇಜ್. ಮೀಟರ್ 230 ತೋರಿಸಿದರೂ ಅದು ಒಪ್ಪದೆ ರಿಲೇ ಬಿಟ್ಟುಬಿಡುತ್ತದೆ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಬೇಕು. ಅಲ್ಲಿಯವರೆಗೆ ಕರೆಂಟ್ ಹೋದಾಗ ರೀಜನರೇಟರ್ ಆಫ್ ಇಟ್ಟುಬಿಡಿ.

ಹಾಗಾದರೆ ರೀಜನರೇಟರೇ ಕೆಟ್ಟಿದೆ ಅನ್ನುವುದು ಯಾವಾಗ? ಒಂದೇ ಒಂದು ಟಕ್ ಬದಲು ಕಟಕಟಕಟ ಎಂದು ಒಂದೇ ಸಮನೆ ಬಡಿದುಕೊಂಡಾಗ. 12 ವೋಲ್ಟ್ ರಿಲೇಯ ಕಾಯಿಲ್‌ಗೆ ಎಳೆದುಕೊಳ್ಳಲು ಸಾಧಾರಣ 9 ವೋಲ್ಟ್ ಆದರೂ ಬೇಕು. ಬಿಸಿಗೆ ಒಳಗಿನ ಚಿಕ್ಕ ಕೆಪಾಸಿಟರ್ ಒಣಗಿದರೆ ಆ ವೋಲ್ಟೇಜ್ ನಿಲ್ಲುವುದಿಲ್ಲ, ರಿಲೇ ಕೂಡುತ್ತದೆ, ಬಿಡುತ್ತದೆ. ಪ್ರತಿ ಸಲ ಕಾಂಟ್ಯಾಕ್ಟ್ ಮಧ್ಯೆ ಕಿಡಿ ಹಾರಿ ಬೆಳ್ಳಿಯ ಮೇಲ್ಮೈ ಸುಡುತ್ತದೆ. ಇದು ಕೇಳಿಸಿದರೆ ತಕ್ಷಣ ಆಫ್ ಮಾಡಿ. ಟಕ್ ಅನ್ನುವಾಗ ಸ್ಪೀಕರ್‌ನಲ್ಲೂ ಪಟ್ ಎಂದು ಬರಲು ಹೊಸದಾಗಿ ಶುರುವಾಗಿದ್ದರೂ ತೋರಿಸಿ. ಗಂಟೆಗಟ್ಟಲೆ ಓಡಿದ ಮೇಲೆ ಮಾತ್ರ ಟಕ್ ಎಂದು ನಿಂತರೆ ಬಿಸಿ ಜಾಸ್ತಿಯಾಗಿದೆ. ಮುಚ್ಚಿದ ಕಪಾಟಿನಿಂದ ಹೊರಗೆ ತೆಗೆದಿಡಿ, ಗಾಳಿಕಿಂಡಿಯ ಧೂಳು ಒರೆಸಿ. ಇರುವೆ ಹೊಕ್ಕಿವೆಯಾ ಎಂದೂ ನೋಡಿ. ನಮ್ಮ ಕಡೆ ಬೆಚ್ಚಗಿನ ಪೆಟ್ಟಿಗೆ ಸಿಕ್ಕರೆ ಅವು ಬಿಡುವುದಿಲ್ಲ.

ಮುಚ್ಚಳ ಮಾತ್ರ ನೀವೇ ಬಿಚ್ಚಬೇಡಿ. ಪಿನ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು.

ಪ್ರಶ್ನೆ: ಹಾಸನದಲ್ಲಿದ್ದೇವೆ. ರೀಜನರೇಟರ್ ಮುಂದೆ ಸ್ಟೆಬಿಲೈಜರ್ ಬೇಕಾ? ಗುಡುಗು ಸಿಡಿಲಿಗೆ ಇದು ಸಾಕಾ?

ಉತ್ತರ: ವೋಲ್ಟೇಜ್ ರೀಜನರೇಟರ್ ಹೇಳಿದ ಮಿತಿಯೊಳಗೇ ಇದ್ದರೆ ಬೇಡ. ಮಾಮೂಲಿ ಸ್ಟೆಬಿಲೈಜರ್ ಕೂಡ ರಿಲೇಯಲ್ಲೇ ಟ್ಯಾಪ್ (ಒಳಗಿನ ಟ್ರಾನ್ಸ್‌ಫಾರ್ಮರ್ ಸುರುಳಿಯಿಂದ ವೈರ್ ತೆಗೆಯುವ ಜಾಗ) ಬದಲಿಸುತ್ತದೆ. ಪ್ರತಿ ಬದಲಾವಣೆಗೂ ಒಂದು ಟಕ್, ಜೊತೆಗೆ ಕರೆಂಟಿನಲ್ಲಿ ಒಂದು ಸಣ್ಣ ಕಡಿತ. ಮಿತಿ ಮೀರಿ ಇಳಿಯುತ್ತದೆ ಅಂದರೆ ಸರ್ವೊ ಸ್ಟೆಬಿಲೈಜರ್ ಹಾಕಿ, ಅದರಲ್ಲಿ ವೋಲ್ಟೇಜ್ ಹಂತ ಹಂತವಾಗಿ ಜಿಗಿಯುವುದಿಲ್ಲ. ಸಿಡಿಲಿಗೆ ಎರಡೂ ಸಾಲದು. ರಿಲೇ ಬಿಟ್ಟಾಗ ಕಾಂಟ್ಯಾಕ್ಟ್ ಮಧ್ಯೆ ಇರುವ ಅಂತರ ತೀರಾ ಚಿಕ್ಕದು, ಸಿಡಿಲು ಅದನ್ನು ಸುಲಭವಾಗಿ ದಾಟುತ್ತದೆ. ಏಪ್ರಿಲ್, ಮೇ ತಿಂಗಳ ಮಳೆಯಲ್ಲಿ ಗುಡುಗು ದೂರದಲ್ಲಿ ಕೇಳಿಸಿದಾಗಲೇ ಪಿನ್ ಕಿತ್ತಿಡಿ. ಆಂಟೆನಾ ಮತ್ತು ಇಂಟರ್‌ನೆಟ್ ಕೇಬಲ್ ಸಿಸ್ಟಂಗೆ ಸೇರಿದ್ದರೆ ಅವನ್ನೂ ಬಿಡಿಸಿ.