‘ನಾವೆಲ್ಲ ಒಂದೇ’ ಎಂದರೆ ಸಾಲದು

ಪ್ರಶ್ನೆ: ವಿರಾಜಪೇಟೆ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಐದನೇ ತರಗತಿಯ ಟೀಚರ್ ನಾನು. ಊರಿನ ಮಕ್ಕಳ ಜೊತೆ ಹಾಡಿಯಿಂದ ಬರುವ ಯರವ ಆದಿವಾಸಿ ಮಕ್ಕಳಿದ್ದಾರೆ, ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಅಸ್ಸಾಂ ಕಡೆಯ ಮಕ್ಕಳೂ ಇದ್ದಾರೆ. ಒಬ್ಬ ಹುಡುಗನನ್ನು ‘ಚೀನಾ’ ಎಂದೂ ಒಬ್ಬ ಯರವ ಹುಡುಗಿಯನ್ನು ‘ಕರಿ’ ಎಂದೂ ಕರೆಯುತ್ತಾರೆ. ‘ನಾವೆಲ್ಲ ಒಂದೇ’ ಎಂದು ದಿನಾ ಹೇಳುತ್ತೇನೆ, ನಿಂತಿಲ್ಲ. ‘ಮಕ್ಕಳಾಟ ಬಿಡಿ, ಜನಾಂಗೀಯ ತಾರತಮ್ಯ ಎಲ್ಲ ಅಮೆರಿಕದ್ದು’ ಎನ್ನುತ್ತಾರೆ ಸಹೋದ್ಯೋಗಿಗಳು. ಏನು ಮಾಡಲಿ?

ಉತ್ತರ: ಟೀಚರ್, ಇದು ಮಕ್ಕಳಾಟವಲ್ಲ. ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ 2014ರ ಜನವರಿಯಲ್ಲಿ ದೆಹಲಿಯ ಮಾರುಕಟ್ಟೆಯೊಂದರಲ್ಲಿ ಹೊಡೆತ ತಿಂದು ಸತ್ತ. ಜಗಳ ಶುರುವಾದದ್ದು ಅವನ ತಲೆಗೂದಲನ್ನು ಕಂಡು ಮಾಡಿದ ಗೇಲಿಯಿಂದ. ನಮ್ಮ ಬೆಂಗಳೂರಿನಿಂದಲೇ 2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿಯಾಗುತ್ತದೆಂಬ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ರೈಲು ಹತ್ತಿದ್ದರು. ಸಂವಿಧಾನದ 15ನೇ ವಿಧಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಜೊತೆ ಜನಾಂಗವನ್ನೂ ಹೆಸರಿಸಿಯೇ ತಾರತಮ್ಯವನ್ನು ನಿಷೇಧಿಸಿದೆ. ಜನಾಂಗೀಯ ತಾರತಮ್ಯವನ್ನು ತೊಡೆದುಹಾಕುವ 1965ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತವೂ ಸೇರಿದೆ. ಅದರ ಪ್ರಕಾರ ಮೈಬಣ್ಣ, ವಂಶ, ಮೂಲ ಇವುಗಳ ಆಧಾರದ ಮೇಲೆ ಮಾಡುವ ಭೇದವೆಲ್ಲ ಜನಾಂಗೀಯ ತಾರತಮ್ಯವೇ.

ವಿಜ್ಞಾನದ ಹೆಸರಿನಲ್ಲಿಯೂ ಈ ಭೇದ ನಡೆದಿದೆ. 1901ರ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲಿ ಮೂಗಿನ ಅಳತೆ ಹಿಡಿದು ನಮ್ಮ ಜನರನ್ನು ಮೇಲು ಕೀಳೆಂದು ಸಾಲಾಗಿ ಜೋಡಿಸಲು ಹೊರಟಿದ್ದ. 1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ ಲೆಕ್ಕ ಹಾಕಿದಾಗ, ಮನುಷ್ಯರ ನಡುವಿನ ಆನುವಂಶಿಕ ವ್ಯತ್ಯಾಸದಲ್ಲಿ ಶೇ 85ರಷ್ಟು ಒಂದೇ ಸಮುದಾಯದ ಒಳಗೇ ಕಂಡುಬಂತು. ಜನಾಂಗ ಎಂಬ ಗೆರೆ ಎಳೆದದ್ದು ನಾವು. ಆದರೆ ಆ ಗೆರೆಯಿಂದ ಮಗುವಿಗೆ ಆಗುವ ನೋವು ಕಲ್ಪನೆಯಲ್ಲ.

ನಿಮ್ಮ ಕಿವಿಗೆ ಬೀಳುತ್ತಿರುವುದು ಬೈಗುಳ ಮಾತ್ರ, ಭೇದಕ್ಕೆ ಬೇರೆ ರೂಪಗಳೂ ಇವೆ. ಬೈಲಕುಪ್ಪೆಯಲ್ಲೇ ಹುಟ್ಟಿ ಬೆಳೆದ ಟಿಬೆಟನ್ ಯುವತಿಗೆ ‘ಅಯ್ಯೋ, ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!’ ಎನ್ನುವುದು ಹೊಗಳಿಕೆಯ ವೇಷ ಹಾಕಿದ ಭೇದ. ಹಾಡಿಯ ಮಗು ಸ್ನೇಹಿತರ ಎದುರು ತನ್ನ ಮನೆ ಮಾತು ಆಡಲು ನಾಚುತ್ತದಲ್ಲ, ಆಗ ಆ ಭೇದ ಮಗುವಿನ ಮನಸ್ಸಿಗೇ ಇಳಿದಿದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ್ದು ಯಾರೂ ಬಾಯಿಬಿಟ್ಟು ಬೈಯದೆ, ವ್ಯವಸ್ಥೆಯೇ ಮಾಡುವ ಭೇದ. ಕನ್ನಡ ಬಾರದೆಂದು ಹತ್ತು ವರ್ಷದ ಹುಡುಗನನ್ನು ಒಂದನೇ ತರಗತಿಯಲ್ಲಿ ಕೂರಿಸುವುದನ್ನೇ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು ವಯಸ್ಸಿಗೆ ತಕ್ಕ ತರಗತಿ ಮತ್ತು ಹಿಂದುಳಿದದ್ದಕ್ಕೆ ವಿಶೇಷ ತರಬೇತಿ. ವಯಸ್ಸಿನ ದಾಖಲೆ ಇಲ್ಲವೆಂದು ವಾಪಸ್ ಕಳಿಸುವಂತೆಯೂ ಇಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮಗು ಶಾಲೆಗೆ ಬಾರದಿದ್ದರೆ ‘ಅವರೇ ಹಾಗೆ’ ಎಂದು ಹಾಜರಾತಿ ಪುಸ್ತಕ ಮುಚ್ಚುವುದೂ ಇದೇ ಸಾಲಿನದು. ನಿಮ್ಮ ಪುಸ್ತಕದಲ್ಲಿ ‘ಚೀನಾ’ ಎನಿಸಿಕೊಳ್ಳುವ ಆ ಹುಡುಗನ ಹೆಸರು ಸರಿಯಾಗಿದೆಯೇ? ಹೇಗೆ ಉಚ್ಚರಿಸಬೇಕೆಂದು ಅವನ ತಾಯಿಯನ್ನು ಕೇಳಿದ್ದೀರಾ? ಇವತ್ತೇ ಕೇಳಿ. ‘ಅಸ್ಸಾಮಿಗಳು’ ಎಂದು ನಾವು ಒಂದೇ ಮೂಟೆ ಕಟ್ಟುವವರಲ್ಲಿ ಬಂಗಾಳಿ ಮಾತನಾಡುವವರಿದ್ದಾರೆ, ಜಾರ್ಖಂಡಿನ ಆದಿವಾಸಿಗಳೂ ಇದ್ದಾರೆ.

ಬೈಗುಳ ಕಿವಿಗೆ ಬಿದ್ದ ಕೂಡಲೇ ಪಾಠ ನಿಲ್ಲಿಸಿ. ‘ಆ ಮಾತು ಈ ತರಗತಿಯಲ್ಲಿ ಬೇಡ, ಅವನಿಗೆ ಹೆಸರಿದೆ’ ಎಂದು ಹೇಳಿ, ಭಾಷಣ ಬೇಡ. ಮೊದಲು ನೊಂದ ಮಗುವಿನ ಹತ್ತಿರ ಹೋಗಿ, ಆದರೆ ಎಲ್ಲರೆದುರು ‘ಏನನ್ನಿಸಿತು ಹೇಳು’ ಎಂದು ಅವನನ್ನು ನಿಲ್ಲಿಸಬೇಡಿ, ಬಲವಂತದ ಕೈಕುಲುಕುವಿಕೆಯೂ ಬೇಡ. ಬೈದ ಹುಡುಗನನ್ನು ಆಮೇಲೆ ಒಬ್ಬನನ್ನೇ ಕೂರಿಸಿಕೊಂಡು ಮಾತಾಡಿ. ಬೆತ್ತ ಬೇಡವೇ ಬೇಡ.

ಇನ್ನು ದಿನನಿತ್ಯದ ಕಲಿಕೆ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಬಿಳಿಯ, ಕಪ್ಪು ಹಾಗೂ ಮೆಕ್ಸಿಕನ್ ಮೂಲದ ಮಕ್ಕಳನ್ನು ಹೊಸದಾಗಿ ಒಟ್ಟಿಗೆ ಕೂರಿಸಿದಾಗ ಜಗಳ ಹತ್ತಿಕೊಂಡಿತು. ಮನಃಶಾಸ್ತ್ರಜ್ಞ ಎಲಿಯಟ್ ಆರನ್ಸನ್ ತರಗತಿಯಲ್ಲಿ ಕೂತು ನೋಡಿದರು. ‘ನಾನು, ನಾನು’ ಎಂದು ಕೈ ಎತ್ತುವ ಪೈಪೋಟಿಯೇ ಮಕ್ಕಳನ್ನು ಒಡೆಯುತ್ತಿತ್ತು. ಅವರು ಪಾಠವನ್ನು ತುಂಡು ಮಾಡಿ ಗುಂಪಿನ ಒಬ್ಬೊಬ್ಬ ಮಗುವಿಗೆ ಒಂದೊಂದು ತುಂಡು ಕೊಟ್ಟರು. ಉಳಿದದ್ದನ್ನು ಗೆಳೆಯರ ಬಾಯಿಂದಲೇ ಕೇಳಿ ಕಲಿಯಬೇಕು, ಪರೀಕ್ಷೆ ಮಾತ್ರ ಪೂರ್ತಿ ಪಾಠದ ಮೇಲೆ. ಪಕ್ಕದವನನ್ನು ಗೇಲಿ ಮಾಡಿದರೆ ನಷ್ಟ ತನಗೇ ಎಂಬುದು ಮಕ್ಕಳಿಗೆ ಬೇಗ ತಿಳಿಯಿತು.

ಕೆಳಗಿನ ತರಗತಿಗಳ ನಲಿಕಲಿಯ ಗುಂಪುಗಳು ನಿಮಗೆ ಹೊಸದಲ್ಲ. ಕಾಫಿಯ ಪಾಠವನ್ನೇ ತೆಗೆದುಕೊಳ್ಳಿ: ಹೂಮಳೆ (ಗಿಡ ಹೂಬಿಡಿಸುವ ಮಳೆ), ಕೊಯ್ಲು, ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು), ಕಣದಲ್ಲಿ ಒಣಗಿಸುವುದು, ಕ್ಯೂರಿಂಗ್ (ಒಣಗಿದ ಬೀಜದ ಹೊಟ್ಟು ತೆಗೆದು ವಿಂಗಡಿಸುವುದು) ಎಂದು ಐದು ತುಂಡು. ಕೊಯ್ಲಿನ ತುಂಡನ್ನು ಲೈನ್ ಮನೆಯ ಮಗುವಿಗೆ ಕೊಟ್ಟು ಅದನ್ನು ಮನೆಯವರ ಕೆಲಸಕ್ಕೇ ಕಟ್ಟಿಹಾಕಬೇಡಿ, ಕ್ಯೂರಿಂಗ್ ಕೊಡಿ. ಯರವ ಹುಡುಗಿ ಹೂಮಳೆಯ ಬಗ್ಗೆ ವಿವರಿಸಲಿ, ತೋಟದ ಮಾಲೀಕರ ಮಗ ಬರೆದುಕೊಳ್ಳಲಿ. ತೊದಲಿದರೆ ಕಾಯುವುದನ್ನು ಗುಂಪಿಗೆ ಕಲಿಸಿ. ಕನ್ನಡ ಇನ್ನೂ ಬಾರದ ಮಗುವಿಗೆ ಚಿತ್ರ ಮತ್ತು ನಾಲ್ಕು ವಾಕ್ಯಗಳನ್ನು ಹಿಂದಿನ ದಿನವೇ ಕೊಟ್ಟಿರಿ. ಒಂದೆರಡು ಸಲ ಮಾಡಿ ಕೈಬಿಡಬೇಡಿ, ವಾರಗಟ್ಟಲೆ ಬೇಕು.

ಕೆಲವು ಟೀಚರ್‌ಗಳು ಅಮೆರಿಕದ ಅಯೋವಾ ರಾಜ್ಯದ ಶಿಕ್ಷಕಿ ಜೇನ್ ಎಲಿಯಟ್ 1968ರಲ್ಲಿ ಮಾಡಿದ ಹಾಗೆ ಕಣ್ಣಿನ ಬಣ್ಣ ನೋಡಿ ಮಕ್ಕಳನ್ನು ಮೇಲು ಕೀಳು ಮಾಡಿ ಅನುಭವ ಕೊಡಲು ಹೊರಡುತ್ತಾರೆ. ದಯವಿಟ್ಟು ಬೇಡ. ದಿನಾ ಕೀಳೆನಿಸಿಕೊಳ್ಳುವ ಮಗು ಆ ತರಗತಿಯಲ್ಲೇ ಕೂತಿದೆ. ವರ್ಷಕ್ಕೊಮ್ಮೆ ವೇಷಭೂಷಣದ ನೃತ್ಯ ಮಾಡಿಸುವುದೂ ಇದಕ್ಕೆ ಮದ್ದಲ್ಲ.

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ನಮ್ಮ ತೋಟ. ಕೆಲಸದವರಿಗೆ ಕಾಫಿ ಕೊಡುವ ಲೋಟಗಳು ಹೊರಗಿನ ಗೂಡಿನಲ್ಲಿ ಬೇರೆಯೇ ಇರುತ್ತವೆ. ‘ಶುಚಿತ್ವಕ್ಕೆ’ ಎನ್ನುತ್ತಾರೆ ಅತ್ತೆ. ಆರು ವರ್ಷದ ಮಗ ಯಾಕೆ ಎಂದು ಕೇಳುತ್ತಾನೆ.

ಉತ್ತರ: ಶುಚಿತ್ವಕ್ಕೆ ಬಿಸಿನೀರು, ಸೋಪು ಸಾಕು, ಬೇರೆ ಗೂಡು ಬೇಕಿಲ್ಲ. ಅದು ಅಸ್ಪೃಶ್ಯತೆಯೇ. ಸಂವಿಧಾನದ 17ನೇ ವಿಧಿ ಅದನ್ನು ರದ್ದು ಮಾಡಿದೆ. ಅತ್ತೆಯವರ ಜೊತೆ ವಾದಕ್ಕೆ ಇಳಿಯದೆ ಒಂದೇ ಬಗೆಯ ಸ್ಟೀಲ್ ಲೋಟ ತಂದು ಎಲ್ಲವನ್ನೂ ಅಡುಗೆಮನೆಯಲ್ಲೇ ಇಡಿ, ಮೊದಲ ಕೆಲವು ದಿನ ನೀವೇ ತೊಳೆಯಿರಿ. ಮಗನಿಗೆ ಸುಳ್ಳು ಹೇಳಬೇಡಿ: ‘ಅದು ತಪ್ಪಿತ್ತು, ಬದಲಾಯಿಸಿದ್ದೇವೆ’ ಎನ್ನಿ. ಹಾಗೆಯೇ ಕೊಯ್ಲಿನ ಸಂಜೆ ಕಣದ ಹತ್ತಿರ ಒಮ್ಮೆ ನಿಲ್ಲಿ. ಹೊರರಾಜ್ಯದವರಿಗೂ ಹಾಡಿಯವರಿಗೂ ಊರವರಿಗೂ ಕೊಯ್ದ ಹಣ್ಣಿಗೆ ಕಿಲೋಗೆ ಒಂದೇ ದರವೇ, ತೂಕ ಅವರಿಗೆ ಕಾಣುತ್ತದೆಯೇ, ಬರೆದುಕೊಂಡದ್ದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳುತ್ತಾರೆಯೇ ಎಂದು ತೋಟದ ಲೆಕ್ಕ ಬರೆಯುವ ರೈಟರ್ ಅವರನ್ನು ಕೇಳಿ.