ವಿರಾಜಪೇಟೆಯಲ್ಲಿ ಇಷ್ಟೊಂದು ಬಗೆಯ ಜನ ಯಾಕಿದ್ದಾರೆ?

ಚಿಕ್ಕ ಉತ್ತರ: ಆ ಊರು ಶುರುವಾಗಿದ್ದೇ ಹೊರಗಿನವರನ್ನು ಸೇರಿಸಿಕೊಂಡು.

ಆಗ ಕೊಡಗಿನ ರಾಜಧಾನಿ ಮಡಿಕೇರಿ. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1792ರಲ್ಲಿ ಈ ಪೇಟೆ ಕಟ್ಟಿಸಿದ. ಟಿಪ್ಪು ವಿರುದ್ಧ ಕಣ್ಣೂರು ಕಡೆಯಿಂದ ಘಟ್ಟ ಹತ್ತಿ ಬಂದ ಇಂಗ್ಲಿಷ್ ಜನರಲ್ ಅಬರ್‌ಕ್ರಾಂಬಿಯನ್ನು ಭೇಟಿಯಾದ ನೆನಪಿಗೆ ಅಂತೆ. ಟಿಪ್ಪು ಸೀಮೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಅವನೇ ಜಾಗ ಕೊಟ್ಟ, ಸಂತ ಅನ್ನಮ್ಮ ಚರ್ಚ್ ಆಗ ಶುರುವಾಗಿದ್ದು.

ಉಳಿದವರನ್ನು ಕರೆತಂದಿದ್ದು ಕೇರಳದ ಕಡೆಯ ರಸ್ತೆ. ಪೆರುಂಬಾಡಿ, ಮಾಕುಟ್ಟ ದಾಟಿದರೆ ಕೇರಳ, ಹಾಗಾಗಿ ಮಾಪಿಳ್ಳೆ (ಮಲಬಾರಿನ ಮುಸ್ಲಿಂ) ವ್ಯಾಪಾರಿಗಳು ಬಂದರು, ಮೀನೂ ಬಂತು. ಕಾಫಿ ತೋಟ ಹೆಚ್ಚಾದಂತೆ ತಮಿಳು, ಮಲಯಾಳ ಮಾತಾಡುವ ಕೂಲಿಯವರು, ಈಗೀಗ ಅಸ್ಸಾಮಿನವರು.

ಸಂತೆ ದಿನ ಯಾವುದಾದರೂ ದಿನಸಿ ಅಂಗಡಿ ಮುಂದೆ ಸುಮ್ನೆ ನಿಲ್ಲಿ. ಅಂಗಡಿಯವನು ಕರಿಮೆಣಸಿನ ರೇಟನ್ನು ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಹೇಳಿ, ಪಕ್ಕದವರಿಗೆ ಮಲಯಾಳದಲ್ಲಿ ಚಿಲ್ಲರೆ ಕೊಟ್ಟು, ಹುಡುಗನಿಗೆ ಕನ್ನಡದಲ್ಲಿ ಬೈತಾನೆ!

ಹಬ್ಬ ಅಂದರೆ ಮಡಿಕೇರಿಗೆ ದಸರಾ, ಇಲ್ಲಿಗೆ ಗಣೇಶ. ವಿಸರ್ಜನೆಯ ರಾತ್ರಿ ಮಂಟಪಗಳ ಮೆರವಣಿಗೆ ನೋಡೋಕೆ ಬರೋದಾದರೆ ಕೊಡೆ ತನ್ನಿ, ಮಳೆ ಬಿಟ್ಟಿರೋದು ಕಡಿಮೆ.