ಹಕ್ಕಿಗಳ ಫೀಡರ್ ಕೆಳಗೆ ರಾತ್ರಿ ಬರುವ ಇಲಿಯಂಥ ಪ್ರಾಣಿ ಯಾವುದು? ಹಿಡಿಯಲು ಯಾವ ಬೋನು ಒಳ್ಳೆಯದು?

ನಿಮ್ಮ ವಿವರಣೆ ಅರ್ಧ ಓದುವಷ್ಟರಲ್ಲೇ ನನಗೆ ಗುರುತು ಸಿಕ್ಕಿತು. ಅಂಗೈಯಷ್ಟು ಉದ್ದದ ಬೂದು ಪ್ರಾಣಿ. ಕತ್ತಲಾದ ಮೇಲೆ ಬರುತ್ತದೆ. ಗೋಡೆಯ ಬುಡ ಬಿಟ್ಟು ಆಚೆ ಹೋಗುವುದಿಲ್ಲ. ಓಡುವಾಗ ಕಿಚಗುಟ್ಟುತ್ತದೆ. ‘ಇಲಿ ಇರಬೇಕು, ಆದರೆ ಮೂತಿ ಯಾಕೋ ಬೇರೆ ಥರ’ ಅಂತ ಬರೆದಿದ್ದೀರಿ. ಬಹುಮಟ್ಟಿಗೆ ಅದು ಸುಂಡಿಲಿ. ಮೂಗಿಲಿ ಅಂತಲೂ ಹೇಳುತ್ತಾರೆ. ಯಾವ ಬೋನು ಒಳ್ಳೆಯದು ಅಂತ ಕೇಳಿದ್ದೀರಲ್ಲ, ಯಾವುದೂ ಬೇಡ. ಇಷ್ಟು ಖಡಾಖಂಡಿತವಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನು ಬೋನು ಇಟ್ಟಿದ್ದೆ.

ನಮ್ಮ ಹಿತ್ತಲ ಮರಕ್ಕೆ ಒಂದು ತಟ್ಟೆ ತೂಗುಹಾಕಿ ಸಣ್ಣ ಕಾಳು ಹಾಕುತ್ತಿದ್ದೆ. ಹಗಲಲ್ಲಿ ಗುಬ್ಬಿ, ಪಾರಿವಾಳ, ಅಳಿಲು ಬರುತ್ತಿದ್ದವು. ಹಕ್ಕಿಗಳು ತಿನ್ನುವುದಕ್ಕಿಂತ ಕೆದರಿ ಬೀಳಿಸುವುದೇ ಜಾಸ್ತಿ. ಕೆಳಗೆ ಬಿದ್ದದ್ದನ್ನು ನಾನು ಗುಡಿಸುತ್ತಿರಲಿಲ್ಲ. ಒಂದು ಮಳೆ ಬಿದ್ದರೆ ಆ ಕಾಳು ಮುಗ್ಗಿ, ಅದರಲ್ಲಿ ಹುಳ ಆಗಿ, ಇರುವೆ, ಜಿರಳೆ ಎಲ್ಲ ಸೇರುತ್ತಿದ್ದವು. ಸ್ವಲ್ಪ ದಿನದಲ್ಲಿ ರಾತ್ರಿ ಏನೋ ಸರಸರ ಸದ್ದು ಕೇಳಿಸಲು ಶುರುವಾಯಿತು. ಕತ್ತಲಲ್ಲೂ ವಿಡಿಯೊ ತೆಗೆಯುವ ಸಣ್ಣ ಕ್ಯಾಮೆರಾ ಕಟ್ಟಿದೆ. ಬೆಳಿಗ್ಗೆ ನೋಡಿದರೆ ಬಿಳಿಚಿದ ಬೂದು ಮೈ, ಒಂದು ಬಾಲ, ಅಷ್ಟೇ. ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುತ್ತಿತ್ತು.

ಇಲ್ಲಿ ನಾನು ಎಡವಿದ್ದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನೀವೂ ಅದೇ ದಾರಿಯಲ್ಲಿ ಇದ್ದೀರಿ ಅನ್ನಿಸುತ್ತಿದೆ. ನನ್ನ ಲೆಕ್ಕ ಹೀಗಿತ್ತು: ಕಾಳಿನ ತಟ್ಟೆಯ ಕೆಳಗೆ ಬರುತ್ತದೆ, ಅಂದರೆ ಕಾಳು ತಿನ್ನಲು ಬರುತ್ತದೆ. ಕಾಳು ತಿನ್ನುವ ಸಣ್ಣ ಬೂದು ಪ್ರಾಣಿ ಅಂದರೆ ಇಲಿ. ಕೇಳಲು ಸರಿಯಾಗಿಯೇ ಇದೆ, ಅಲ್ವಾ? ಆದರೆ ಮೊದಲ ಹೆಜ್ಜೆಯೇ ತಪ್ಪು. ಕಾಳು ಬಿದ್ದ ಜಾಗಕ್ಕೆ ಬರುವ ಎಲ್ಲವೂ ಕಾಳಿಗೆ ಬರುವುದಿಲ್ಲ. ಕೆಲವು ಆ ಕಾಳಿಗೆ ಮುತ್ತಿದ ಹುಳಕ್ಕೆ ಬರುತ್ತವೆ. ಕೆಲವು ಕಾಳಿಗೆ ಬಂದ ಇಲಿಯನ್ನು ಹಿಡಿಯಲು ಬರುತ್ತವೆ. ಬೆಕ್ಕು, ಮುಂಗುಸಿ ಹಕ್ಕಿಗೇ ಹೊಂಚು ಹಾಕುತ್ತವೆ. ಪ್ರಾಣಿ ಎಲ್ಲಿ ನಿಂತಿದೆ ಅನ್ನುವುದನ್ನು ನೋಡಿ ನಾನು ಹೆಸರು ಕೊಟ್ಟೆ. ಅದು ಬಾಯಿಗೆ ಏನು ಹಾಕಿಕೊಳ್ಳುತ್ತಿದೆ ಅಂತ ನೋಡಲೇ ಇಲ್ಲ.

ನೋಡಿದ್ದರೆ ವಿಡಿಯೊದಲ್ಲೇ ಎಲ್ಲ ಇತ್ತು. ಇಲಿ, ಅಳಿಲು ಎರಡೂ ಹಿಂಗಾಲ ಮೇಲೆ ಕುಳಿತು ಮುಂಗೈಯಲ್ಲಿ ಕಾಳು ಹಿಡಿದು ಕಡಿಯುತ್ತವೆ. ಈ ಪ್ರಾಣಿ ಒಮ್ಮೆಯೂ ಹಾಗೆ ಕೂರಲಿಲ್ಲ. ಮೂತಿ ನೆಲಕ್ಕೆ ಊರಿಕೊಂಡು, ಎಲೆಗಳ ಅಡಿ ತೂರಿಸಿ, ಏನನ್ನೋ ಕಚ್ಚಿ ಎಳೆಯುತ್ತಿತ್ತು. ಬಣ್ಣ ನೋಡಿ ಇಲಿ ಅಂದುಕೊಂಡೆ. ಆದರೆ ರಾತ್ರಿಯ ಇನ್‌ಫ್ರಾರೆಡ್ ಚಿತ್ರದಲ್ಲಿ ನಿಜವಾದ ಬಣ್ಣವೇ ಇರುವುದಿಲ್ಲ, ಕಂದು ಮೈಯೂ ಬೂದಾಗಿಯೇ ಕಾಣುತ್ತದೆ. ಸದ್ದು ಕೂಡ ಇಲಿಯದ್ದಲ್ಲ. ಚಿಲ್ಲರೆ ಕಾಸು ಕುಲುಕಿದ ಹಾಗೆ ಬಿಡದೆ ಬರುವ ಸಣ್ಣ ಕಿಣಿಕಿಣಿ ಅದು. ಮೂತಿ ಉದ್ದ ಇದೆಯಲ್ಲ ಅಂತ ಮನಸ್ಸಿಗೆ ಬಂದಿತ್ತು. ‘ಕ್ಯಾಮೆರಾ ಕೋನ ಇರಬೇಕು’ ಅಂತ ತಳ್ಳಿಹಾಕಿದೆ.

ವಿಷ ಇಡಲು ಮನಸ್ಸಾಗಲಿಲ್ಲ. ಜೀವಂತ ಹಿಡಿಯುವ ತಂತಿಯ ಬೋನು ತಂದೆ. ಹಿಡಿದು ದೂರ ಬಿಟ್ಟುಬರುತ್ತೇನೆ, ಯಾರಿಗೂ ನೋವಿಲ್ಲ ಅಂದುಕೊಂಡಿದ್ದೆ. ಒಳಗೆ ಒಂದು ಹಿಡಿ ಕಾಳು ಹಾಕಿ ಗೋಡೆಯ ಬುಡಕ್ಕೆ ಇಟ್ಟೆ. ಸುಂಡಿಲಿ ಗೋಡೆ ಸವರಿಕೊಂಡೇ ಓಡುವ ಪ್ರಾಣಿ. ದಾರಿಯಲ್ಲಿ ಏನು ಸಿಕ್ಕಿದರೂ ಒಳಹೊಕ್ಕು ಮೂಸುತ್ತದೆ. ಅದು ಕಾಳಿಗಾಗಿ ಬೋನಿಗೆ ಬಿದ್ದದ್ದಲ್ಲ, ದಾರಿಯಲ್ಲಿ ಸಿಕ್ಕಿತು ಅಂತ ಹೊಕ್ಕಿತು. ಬೆಳಿಗ್ಗೆ ಕೆಲಸದ ಅವಸರದಲ್ಲಿ ನಾನು ಬೋನು ನೋಡಲಿಲ್ಲ. ಇಲಿ ಸಿಕ್ಕಿದ್ದರೂ ಕಾಳು ತಿಂದುಕೊಂಡು ಸಂಜೆಯವರೆಗೆ ಇರುತ್ತದೆ ಅನ್ನುವ ಧೈರ್ಯ. ಸಂಜೆ ನೋಡಿದಾಗ ಅದು ಸತ್ತಿತ್ತು. ಕಾಳು ಹಾಕಿದ ಹಾಗೇ ಇತ್ತು.

ಪ್ರಾಣಿಗಳ ಬಗ್ಗೆ ಓದಿಕೊಂಡ ಪರಿಚಿತರೊಬ್ಬರು ಬಂದು ನೋಡಿದರು. ಸುಂಡಿಲಿ ಇಲಿಯ ಕಡೆಯದ್ದೇ ಅಲ್ಲ ಅಂತ ಅವರು ವಿವರಿಸಿದರು. ಅದರ ಹತ್ತಿರದ ಬಳಗ ಮುಳ್ಳುಹಂದಿಯೂ ಅಲ್ಲ, ಹೆಗ್ಗಣವೂ ಅಲ್ಲ. ಹುಳ ತಿಂದು ಬದುಕುವ ಹೆಡ್ಜ್‌ಹಾಗ್ ಮತ್ತು ನೆಲ ಕೊರೆಯುವ ಮೋಲ್. ಸುಂಡಿಲಿಗಳ ಮೈಯಲ್ಲಿ ಆಹಾರ ಬಹಳ ಬೇಗ ಉರಿದುಹೋಗುತ್ತದೆ, ಹಾಗಾಗಿ ಹಗಲು ರಾತ್ರಿ ಆಗಾಗ ತಿನ್ನುತ್ತಲೇ ಇರಬೇಕು. ಸುಂಡಿಲಿಗಳಲ್ಲಿ ತೀರಾ ಸಣ್ಣ ಜಾತಿಗಳು ಕೆಲವೇ ಗಂಟೆ ಉಪವಾಸ ಬಿದ್ದರೂ ಸಾಯುತ್ತವೆ. ಎಟ್ರಸ್ಕನ್ ಶ್ರೂ ಅನ್ನುವುದು ನಮ್ಮ ಈ ಸುಂಡಿಲಿಯ ಕುಲದ್ದೇ. ತೂಕ ಸುಮಾರು 2 ಗ್ರಾಂ, ತೂಕದಲ್ಲಿ ಜಗತ್ತಿನ ಅತಿ ಸಣ್ಣ ಸಸ್ತನಿ. ಮನೆಯ ಸುತ್ತ ಓಡಾಡುವ ಸುಂಡಿಲಿ ಅದಕ್ಕಿಂತ ಎಷ್ಟೋ ದೊಡ್ಡದು, ಸ್ವಲ್ಪ ಹೆಚ್ಚು ತಾಳುತ್ತದೆ. ಆದರೆ ಒಂದು ರಾತ್ರಿ, ಮೇಲೆ ಒಂದು ಹಗಲು, ನೀರಿಲ್ಲ, ಮರೆಯಿಲ್ಲ, ಬಿಸಿಲು, ಗಾಬರಿ. ಸಂಶೋಧನೆಗೆ ಸುಂಡಿಲಿ ಹಿಡಿಯುವವರು ಬೋನಿನಲ್ಲಿ ಹುಳುಗಳನ್ನೂ ಬೆಚ್ಚಗಿನ ಹಾಸನ್ನೂ ಇಟ್ಟು, ಕೆಲವು ಗಂಟೆಗೊಮ್ಮೆ ಬಂದು ನೋಡುತ್ತಾರಂತೆ. ನಾನು ಕಾಳು ಇಟ್ಟು ಕೆಲಸಕ್ಕೆ ಹೋಗಿದ್ದೆ.

ಅದು ಹೆಣ್ಣು. ಹೊಟ್ಟೆಯ ಕೆಳಭಾಗದಲ್ಲಿ ಮೊಲೆತೊಟ್ಟುಗಳು ಎದ್ದು ಕಾಣುತ್ತಿದ್ದವು. ಎಲ್ಲೋ ಮರಿಗಳಿದ್ದವು. ಸುಂಡಿಲಿ ಮರಿಗಳು ಗೂಡು ಬದಲಿಸುವಾಗ ತಾಯಿಯ ಬಾಲದ ಬುಡ ಒಂದು, ಅದರ ಬಾಲದ ಬುಡ ಇನ್ನೊಂದು ಕಚ್ಚಿಕೊಂಡು ಸಾಲಾಗಿ ನಡೆಯುತ್ತವೆ. ಕುಂಡಗಳ ಹಿಂದೆ, ಕಲ್ಲುಗಳ ಸಂದಿಯಲ್ಲಿ, ಒಣ ಎಲೆಯ ರಾಶಿಯಲ್ಲಿ ಎಲ್ಲ ಹುಡುಕಿದೆವು. ಸಿಗಲಿಲ್ಲ. ಈಗಲೂ ಅದನ್ನು ನೆನೆಸಿಕೊಂಡರೆ ಸಂಕಟವಾಗುತ್ತದೆ.

ಆದ್ದರಿಂದ ನೀವು ಮೊದಲು ಖಚಿತ ಮಾಡಿಕೊಳ್ಳಿ. ಬಣ್ಣ ಮರೆತುಬಿಡಿ. ಪಕ್ಕದಿಂದ ಮೂತಿ ನೋಡಿ. ಸುಂಡಿಲಿಯ ಮೂಗು ಕೆಳದವಡೆಯನ್ನು ದಾಟಿ ಮುಂದೆ ಚಾಚಿರುತ್ತದೆ, ಒಂದು ಕ್ಷಣವೂ ಸುಮ್ನೆ ಇರುವುದಿಲ್ಲ. ಕಣ್ಣು ತೀರಾ ಸಣ್ಣ. ಬಾಲ ಬುಡದಲ್ಲಿ ದಪ್ಪ, ತುದಿಗೆ ಚೂಪು, ಮೇಲೆ ಅಲ್ಲೊಂದು ಇಲ್ಲೊಂದು ಉದ್ದ ಕೂದಲು, ಮೈಗಿಂತ ಗಿಡ್ಡ. ಮನೆಯೊಳಗೆ ಹತ್ತಿ ಓಡಾಡುವ ಕಪ್ಪಿಲಿಯ ಬಾಲ ಮೈಗಿಂತ ಉದ್ದ. ಸುಂಡಿಲಿಯ ಪಕ್ಕೆಯ ಗ್ರಂಥಿಯಿಂದ ಗಾಢವಾದ ವಾಸನೆ ಬರುತ್ತದೆ. ಅದು ಹಾದುಹೋದ ಮೂಲೆಯಲ್ಲಿ ಬಗ್ಗಿ ಮೂಸಿದರೆ ತಿಳಿಯುತ್ತದೆ.

ಎಲ್ಲಕ್ಕಿಂತ ನಾನು ನಂಬುವುದು ಹೆಜ್ಜೆ ಗುರುತನ್ನು. ಒಂದು ಅಗಲ ತಟ್ಟೆಯಲ್ಲಿ ನುಣುಪು ಮರಳು ತೆಳ್ಳಗೆ ಹರಡಿ, ಸ್ವಲ್ಪ ತೇವ ಮಾಡಿ, ಗೋಡೆಯ ಬುಡಕ್ಕೆ ಇಡಿ. ಇಲಿ, ಅಳಿಲು, ಹೆಗ್ಗಣಗಳ ಮುಂಗಾಲಿನ ಹೆಜ್ಜೆಯಲ್ಲಿ ನಾಲ್ಕು ಬೆರಳು ಮೂಡುತ್ತವೆ, ಹಿಂಗಾಲಿನಲ್ಲಿ ಐದು. ಸುಂಡಿಲಿಗೆ ಮುಂದೂ ಐದು, ಹಿಂದೂ ಐದು. ಇದರಲ್ಲಿ ಕ್ಯಾಮೆರಾ ಕೋನದ ತಕರಾರು ಇಲ್ಲ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಹೆಜ್ಜೆ ದೊಡ್ಡದಾಗಿದ್ದು ಐದೂ ಬೆರಳಿನ ಮುಂದೆ ಉಗುರಿನ ಗುರುತು ಇದ್ದರೆ, ಪ್ರಾಣಿ ಹಗಲಲ್ಲೇ ಬರುವುದಾದರೆ, ಮುಂಗುಸಿ. ನಾಲ್ಕೇ ಬೆರಳು, ಉಗುರಿಲ್ಲದಿದ್ದರೆ ಬೆಕ್ಕು. ಪುನುಗು ಬೆಕ್ಕು ರಾತ್ರಿ ಬರುತ್ತದೆ, ಆದರೆ ಅದು ಕಿಲೋಗಟ್ಟಲೆ ತೂಗುವ ಪ್ರಾಣಿ, ನೀವು ಬರೆದ ಗಾತ್ರಕ್ಕೆ ಹೊಂದುವುದಿಲ್ಲ.

ನೀವು ಎಲ್ಲಿದ್ದೀರಿ ಅಂತ ಬರೆದಿಲ್ಲ. ಅದೂ ಮುಖ್ಯ. ಈ ಸುಂಡಿಲಿಯ ಮೂಲ ನೆಲೆ ದಕ್ಷಿಣ ಏಷ್ಯಾ. ಹಡಗುಗಳ ಜೊತೆ ಮಾರಿಷಸ್, ಗುವಾಮ್‌ನಂಥ ದ್ವೀಪಗಳಿಗೂ ಹೋಗಿ, ಅಲ್ಲಿನ ಸಣ್ಣ ಜೀವಿಗಳಿಗೆ ಕಂಟಕವಾಗಿದೆ. ನೀವು ಅಂಥ ಕಡೆ ಇದ್ದರೆ ಅಲ್ಲಿನ ವನ್ಯಜೀವಿ ಇಲಾಖೆಯವರನ್ನು ಕೇಳಿ. ಉಳಿದ ಕಡೆ ಅದನ್ನು ಅದರ ಪಾಡಿಗೆ ಬಿಡಿ. ನಿಮ್ಮ ಹಿತ್ತಲಲ್ಲಿ ಅದು ತಿನ್ನುತ್ತಿರುವುದು ಜಿರಳೆ, ಹುಳ, ಮಿಡತೆ.

ಅಂಟು ಹಲಗೆ, ವಿಷದ ಬಿಲ್ಲೆ ಎರಡನ್ನೂ ಮನೆಗೆ ತರಲೇಬೇಡಿ, ಅದು ಇಲಿಯೇ ಆಗಿದ್ದರೂ ಸರಿ. ಬ್ರೊಮಾಡಿಯೋಲೋನ್ ಥರದ ವಿಷ ರಕ್ತ ಹೆಪ್ಪುಗಟ್ಟುವುದನ್ನು ತಡೆದು ದಿನಗಟ್ಟಲೆ ಎಳೆದು ಕೊಲ್ಲುತ್ತದೆ. ಅಷ್ಟರಲ್ಲಿ ಆ ಇಲಿಯನ್ನು ಗೂಬೆ ಹಿಡಿದು ತಿಂದರೆ ವಿಷ ಅದಕ್ಕೂ ಸೇರುತ್ತದೆ. ಹಕ್ಕಿಗಳಿಗೆ ಕಾಳು ಹಾಕುವವರು ಗೂಬೆಗೆ ವಿಷ ಹಾಕಬಾರದು.

ನಿಜವಾಗಿ ಬದಲಾಗಬೇಕಾದದ್ದು ಕಾಳು. ಸಂಜೆಗೆ ಮುಗಿಯುವಷ್ಟೇ ಹಾಕಿ. ಫೀಡರ್ ಕೆಳಗೆ ಇನ್ನೊಂದು ಅಗಲ ತಟ್ಟೆ ಕಟ್ಟಿ ಬೀಳುವ ಕಾಳು ಹಿಡಿಯಿರಿ. ಕತ್ತಲಾಗುವ ಮೊದಲು ನೆಲ ಗುಡಿಸಿ. ಮುಗ್ಗಿದ ಕಾಳು ಹಕ್ಕಿಗೂ ಕೆಟ್ಟದ್ದು. ನಾನು ಇದನ್ನು ಶುರು ಮಾಡಿದ ಮೇಲೆ ಇಲಿ, ಜಿರಳೆ ಎರಡೂ ಕಡಿಮೆಯಾದವು. ಹಕ್ಕಿಗಳು ಮಾತ್ರ ಕಡಿಮೆಯಾಗಲಿಲ್ಲ.

ಬೋನು ಈಗಾಗಲೇ ಇಟ್ಟಿದ್ದರೆ ಈ ಉತ್ತರ ಓದಿದ ಕೂಡಲೇ ಹೋಗಿ ನೋಡಿ. ಒಳಗೆ ಏನಾದರೂ ಇದ್ದರೆ ಕೈಯಲ್ಲಿ ಮುಟ್ಟಬೇಡಿ, ಅಲ್ಲೇ ಗೋಡೆಯ ಬುಡದಲ್ಲಿ ಬಾಗಿಲು ತೆರೆದು ದೂರ ಸರಿಯಿರಿ. ಆಮೇಲೆ ಮರಳಿನ ತಟ್ಟೆಯ ಫೋಟೊ ಇಲ್ಲೇ ಹಾಕಿ. ಮುಂಗಾಲಿನಲ್ಲಿ ನಾಲ್ಕೇ ಬೆರಳು ಕಂಡರೆ ನನ್ನ ಊಹೆ ತಪ್ಪು, ಆಗ ಮತ್ತೆ ಬರೆಯುತ್ತೇನೆ.